ಕೊಯ್ದಲ್ಲೇ ಚಿಗುರಿದ ಹುಲ್ಲು

ರಾಬಿನ್ ವಾಲ್ ಕಿಮ್ಮರರ್ ಅಮೆರಿಕದ ಸಸ್ಯವಿಜ್ಞಾನಿ, ಪೊಟಾವಾಟಮಿ ಎಂಬ ಮೂಲನಿವಾಸಿ ಸಮುದಾಯದವರು. ಅವರ ಅಜ್ಜನನ್ನು ಬಾಲ್ಯದಲ್ಲೇ ಕಾರ್ಲೈಲ್‌ನ ವಸತಿಶಾಲೆಗೆ ಒಯ್ಯಲಾಗಿತ್ತು. ಮೂಲನಿವಾಸಿ ಮಕ್ಕಳಿಗೆ ತಾಯ್ನುಡಿಯನ್ನೇ ಮರೆಸಲು ಹೊರಟಿದ್ದ ಶಾಲೆ ಅದು. ಮೊಮ್ಮಗಳು ಅದೇ ದೇಶದಲ್ಲಿ ಪ್ರಾಧ್ಯಾಪಕಿಯಾದರು. ನ್ಯೂಯಾರ್ಕ್ ರಾಜ್ಯದ ಸಿರಾಕ್ಯೂಸ್‌ನಲ್ಲಿ ಪಾಠ ಹೇಳುತ್ತಾ, ತಮ್ಮ ಜನರ ತಿಳಿವಳಿಕೆಯನ್ನು ಮರ್ಯಾದೆಯಿಂದ ತರಗತಿಯೊಳಕ್ಕೆ ಕರೆತಂದರು.

2013ರಲ್ಲಿ ಬಂದ ಅವರ ‘ಬ್ರೇಡಿಂಗ್ ಸ್ವೀಟ್‌ಗ್ರಾಸ್’ ಪುಸ್ತಕದಲ್ಲಿ ಒಂದು ಪ್ರಯೋಗದ ವಿವರವಿದೆ. ಸ್ವೀಟ್‌ಗ್ರಾಸ್ ಎಂಬುದು ಬುಟ್ಟಿ ಹೆಣೆಯಲು ಬಳಸುವ ಪರಿಮಳದ ಹುಲ್ಲು. ಹಿಂದೆ ಹುಲುಸಾಗಿ ಬೆಳೆಯುತ್ತಿದ್ದ ಕಡೆಗಳಲ್ಲೇ ಅದು ಕಾಣೆಯಾಗತೊಡಗಿತ್ತು. ಕೆಲವರು ಎಸಳನ್ನು ಬುಡದಲ್ಲಿ ಚಿವುಟುತ್ತಾರೆ, ಕೆಲವರು ಹಿಡಿಯಾಗಿ ಬೇರುಸಹಿತ ಕೀಳುತ್ತಾರೆ. ಇವೆರಡರಲ್ಲಿ ಯಾವುದರಿಂದ ಹುಲ್ಲಿಗೆ ಕೇಡು? ಇದು ಬುಟ್ಟಿ ಹೆಣೆಯುವವರ ಪ್ರಶ್ನೆ. ಕಿಮ್ಮರರ್ ಅವರ ವಿದ್ಯಾರ್ಥಿನಿಯೊಬ್ಬರು ಅದನ್ನೇ ಸಂಶೋಧನೆಗೆ ಎತ್ತಿಕೊಂಡರು. ಕೊಯ್ದರೆ ಗಿಡ ಸೊರಗುತ್ತದೆ, ಇದರಲ್ಲಿ ಹೊಸದೇನಿದೆ ಎಂದು ವಿದ್ವಾಂಸರು ಮೂಗು ಮುರಿದರು.

ವಿದ್ಯಾರ್ಥಿನಿ ಕೆಲವು ತಾಕುಗಳಲ್ಲಿ ಅರ್ಧದಷ್ಟು ಹುಲ್ಲನ್ನು ಚಿವುಟಿದರು, ಕೆಲವುಗಳಲ್ಲಿ ಕಿತ್ತರು, ಇನ್ನು ಕೆಲವನ್ನು ಮುಟ್ಟದೆ ಬಿಟ್ಟರು. ಚಿವುಟಿದಲ್ಲೂ ಕಿತ್ತಲ್ಲೂ ಹುಲ್ಲು ದಟ್ಟವಾಗಿ ಬೆಳೆಯಿತು; ಯಾರೂ ಮುಟ್ಟದ ತಾಕಿನಲ್ಲೇ ಸೊರಗಿತು. ಕೊಯ್ದಾಗ ಒಣಗಿದ ಎಸಳುಗಳ ಒತ್ತಡ ಕಳೆದು ಜಾಗ, ಬೆಳಕು ಸಿಗುತ್ತದೆ. ನೆಲದೊಳಗಿನ ಕಾಂಡದ ಮೊಗ್ಗುಗಳು ಮೇಲೇಳುತ್ತವೆ. ಅರ್ಧಕ್ಕಿಂತ ಹೆಚ್ಚು ಕೊಯ್ಯಬಾರದೆಂಬ ಹಿರಿಯರ ಕಟ್ಟಳೆಯೊಳಗೆ ಈ ಲೆಕ್ಕಾಚಾರವೇ ಇತ್ತು. ಬುಟ್ಟಿ ಹೆಣೆಯುವವರಿಗೆ ಈ ಫಲಿತಾಂಶ ಅಚ್ಚರಿಯೆನಿಸಲಿಲ್ಲ.

ಸಮುದಾಯದಿಂದ ಮಾಹಿತಿ ಪಡೆದು ಪ್ರಬಂಧ ಬರೆಯುವ ಸಂಶೋಧಕರಿಗೆ ಕೊರತೆಯಿಲ್ಲ. ಆದರೆ ಏನನ್ನು ಕೇಳಬೇಕೆಂಬ ನಿರ್ಧಾರವನ್ನೂ ಆ ಜನರ ಕೈಗೇ ಬಿಡುವುದಕ್ಕೆ ದೊಡ್ಡ ಮನಸ್ಸು ಬೇಕು. ನಮ್ಮಲ್ಲೂ, ಬಿಳಿಗಿರಿರಂಗನ ಬೆಟ್ಟದ ಮೂಲನಿವಾಸಿಗಳಾದ ಸೋಲಿಗರು, ಒಣ ತರಗೆಲೆಗೆ ಹಾಕುತ್ತಿದ್ದ ತರಗುಬೆಂಕಿ ನಿಂತ ಮೇಲೆ ಲಂಟಾನ ಕಳೆ ಕಾಡಿನಲ್ಲಿ ಹಬ್ಬಿತೆಂದು ಬಹುಕಾಲದಿಂದ ಹೇಳುತ್ತಿದ್ದಾರೆ. ಅದೂ ಪ್ರಯೋಗಕ್ಕೆ ತಕ್ಕ ಮಾತೇ.

ಮನುಷ್ಯರನ್ನು ದೂರವಿಟ್ಟರೆ ಸಾಕು, ಕಾಡು ತಾನಾಗಿ ಉಳಿಯುತ್ತದೆ ಎಂಬ ನಂಬಿಕೆಯನ್ನು ಆ ಹುಲ್ಲು ಪ್ರಶ್ನಿಸುತ್ತದೆ. ಹಿತಮಿತವಾಗಿ ಪಡೆಯುವುದೂ ಕಾಯುವ ಒಂದು ಬಗೆ. ಅದನ್ನು ಬಲ್ಲವರು ಕಾಡಿನ ಯೋಜನೆಗಳು ಸಿದ್ಧವಾಗುವಲ್ಲಿ, ಮೊದಲ ದಿನದಿಂದಲೇ ನಮ್ಮ ಜೊತೆ ಕೂತಿರಬೇಕು.