ನಡುರಾತ್ರಿಯ ಬೇನೆಯೂ ವಿಶ್ವಾಸಿಯ ಕರ್ತವ್ಯವೂ

ನಡುರಾತ್ರಿಯಲ್ಲಿ ಹೆಂಡತಿಗಾಗಲಿ ಗಂಡನಿಗಾಗಲಿ ಫಕ್ಕನೆ ಬೇನೆ ಬಂದರೆ ವಿಶ್ವಾಸಿಯು ಮೊದಲು ಮಾಡತಕ್ಕದ್ದೇನು? ಮೊಣಕಾಲೂರಿ ಪ್ರಾರ್ಥಿಸಬೇಕೋ, ಎದ್ದು ವೈದ್ಯರನ್ನು ಹುಡುಕಬೇಕೋ? ವೈದ್ಯರನ್ನು ಹುಡುಕಿದರೆ ದೇವರ ಮೇಲಿನ ಭರವಸೆಯು ಸಾಲದೆಂದಾಯಿತೇ? ಈ ಪ್ರಶ್ನೆಯು ಪಂಡಿತರ ತರ್ಕಕ್ಕಾಗಿ ಹುಟ್ಟಿದ್ದಲ್ಲ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಸೀಮೆಯ ಹಳ್ಳಿಗಳಲ್ಲಿರುವ ನಮ್ಮಂಥವರ ಮನೆಗಳಿಗೆ ಇದು ಕತ್ತಲೆಯಲ್ಲಿ ಬರುತ್ತದೆ. ಉತ್ತರವನ್ನು ಹುಡುಕುವದಕ್ಕೆ ಆಗ ಹೊತ್ತಿರುವದಿಲ್ಲ. ಆದಕಾರಣ ಹಗಲಿನಲ್ಲಿಯೇ ಅದನ್ನು ವಿಚಾರಿಸಿ ಇಟ್ಟುಕೊಳ್ಳುವದು ಒಳ್ಳೇದು.

ಒಂದು ಮನೆಯನ್ನು ನೆನಸಿಕೊಳ್ಳಿರಿ. ಎರೆಹೊಲದಲ್ಲಿ ಹಗಲೆಲ್ಲಾ ಜೋಳ ಕೊಯ್ದು ದಣಿದ ಗಂಡಹೆಂಡರು ರೊಟ್ಟಿ ಉಂಡು, ಪ್ರಾರ್ಥನೆ ಮಾಡಿ ಮಲಗಿದ್ದಾರೆ. ನಡುರಾತ್ರಿಯಲ್ಲಿ ಹೆಂಡತಿಯು ಎದ್ದು ಕೂತು, “ಎದೆ ಹಿಂಡಿದ ಹಾಗೆ ಆಗುತ್ತದೆ ರೀ” ಅನ್ನುತ್ತಾಳೆ. ಮೈಯೆಲ್ಲಾ ತಣ್ಣನೆಯ ಬೆವರು. ಗಂಡನು, “ವಾಯು ಇದ್ದೀತು” ಎಂದು ಓಮದ ಕಾಳು ಕೊಡುತ್ತಾನೆ. ನೆರೆಯವರು ಕೂಡುತ್ತಾರೆ. ಒಬ್ಬರು ಸೋಡಾ ತರುತ್ತಾರೆ; ಇನ್ನೊಬ್ಬರು, ದೃಷ್ಟಿ ತಾಕಿದೆ, ನಿಂಬೆಹಣ್ಣು ಇಳಿಸಿರಿ ಅನ್ನುತ್ತಾರೆ; ಸಭೆಯ ಹಿರಿಯರೊಬ್ಬರು, ವಿಶ್ವಾಸವಿದ್ದರೆ ಸಾಕು, ಬೆಳಗಾಗಲಿ ನೋಡೋಣ ಅನ್ನುತ್ತಾರೆ. ಮೂವರೂ ಪ್ರೀತಿಯಿಂದಲೇ ಮಾತಾಡುತ್ತಾರೆ. ಆದರೆ ಮೂವರ ಮಾತೂ ಹೊತ್ತನ್ನು ತಿನ್ನುತ್ತದೆ.

ಹೃದಯದ ರಕ್ತನಾಳವು ಮುಚ್ಚಿದರೆ ಅದರ ಮಾಂಸವು ಗಳಿಗೆ ಗಳಿಗೆಗೂ ಸಾಯುತ್ತಾ ಹೋಗುತ್ತದೆ. ಮಿದುಳಿನ ನಾಳದಲ್ಲಿ ರಕ್ತವು ಹೆಪ್ಪುಗಟ್ಟಿ ಬಾಯಿ ಸೊಟ್ಟಗಾಗಿ, ಮಾತು ತೊದಲಿ, ಒಂದು ಕೈ ಸೋತುಹೋದರೆ, ಆ ಹೆಪ್ಪನ್ನು ಕರಗಿಸುವ ಔಷಧವನ್ನು ಸಾಮಾನ್ಯವಾಗಿ 4½ ತಾಸುಗಳೊಳಗೆ ಕೊಡಬೇಕು. ರಾಮದುರ್ಗದ ಕಡೆಯಿಂದ ಬೆಳಗಾವಿಯು ಸುಮಾರು 100 ಕಿಲೋಮೀಟರು ದೂರ. ಬೆಳಗಾಗುವದನ್ನು ಕಾಯುವವನು ಏನನ್ನು ಪಣಕ್ಕೆ ಇಡುತ್ತಾನೆಂಬದು ಇದರಿಂದ ತಿಳಿಯುವದು.

ಸತ್ಯವೇದವು ಈ ವಿಷಯದಲ್ಲಿ ಏನನ್ನು ಕಲಿಸುತ್ತದೆ? ಅರಸನಾದ ಹಿಜ್ಕೀಯನು ಮರಣರೋಗದಲ್ಲಿ ಗೋಡೆಯ ಕಡೆಗೆ ಮುಖ ತಿರುಗಿಸಿ ಅತ್ತು ಪ್ರಾರ್ಥಿಸಿದನು. ದೇವರು ಅವನ ಆಯುಷ್ಯಕ್ಕೆ 15 ವರುಷಗಳನ್ನು ಕೂಡಿಸುವೆನೆಂದು ಮಾತು ಕೊಟ್ಟನು. ಆದರೂ ಆ ವಾಗ್ದಾನವನ್ನು ತಂದ ಯೆಶಾಯನೇ ಅಂಜೂರದ ಹಣ್ಣಿನ ಉಂಡೆಯನ್ನು ಹುಣ್ಣಿನ ಮೇಲೆ ಕಟ್ಟಿಸಿದನು. ವಾಗ್ದಾನ ಸಿಕ್ಕಿದ ಮೇಲೆ ಔಷಧವು ಬೇಡವೆಂದು ಪ್ರವಾದಿಯು ಹೇಳಲಿಲ್ಲ. ರೋಗಿಗೆ ಎಣ್ಣೆ ಹಚ್ಚಿ ಪ್ರಾರ್ಥಿಸಿರೆಂದು ಯಾಕೋಬನು ಬರೆದನು. ಪೌಲನ ಸಂಗಡ ವೈದ್ಯನಾದ ಲೂಕನಿದ್ದನು. ಅದೇ ಪೌಲನು ತನ್ನ ಜೊತೆಗಾರನಾದ ತ್ರೊಫಿಮನನ್ನು ಮಿಲೇತದಲ್ಲಿ ರೋಗಿಯಾಗಿಯೇ ಬಿಟ್ಟುಬರಬೇಕಾಯಿತು. ಆದದರಿಂದ ರೋಗವು ನಿಲ್ಲದಿರುವದು ಅವಿಶ್ವಾಸದ ಗುರುತೆಂದು ಯಾರೂ ಯಾರನ್ನೂ ನೋಯಿಸಬಾರದು.

ಸಭೆಯ ಚರಿತ್ರೆಯಲ್ಲಿಯೂ ಇಂಥ ಒಂದು ಗಳಿಗೆಯುಂಟು. 1527ನೇ ಇಸವಿ ಜುಲೈ 6ರ ಸಂಜೆ ಜರ್ಮನಿಯ ವಿಟೆನ್‌ಬರ್ಗಿನಲ್ಲಿ ಮಾರ್ಟಿನ್ ಲೂಥರನು ಫಕ್ಕನೆ ಮೂರ್ಛೆಹೋಗಿ ಬಿದ್ದನು. ಆತನ ಹೆಂಡತಿಯಾದ ಕ್ಯಾಥರೀನಳು ಆಗ ಗರ್ಭಿಣಿ; ಮಗನಾದ ಹಾನ್ಸನು ಒಂದು ವರುಷದ ಕೂಸು. ಲೂಥರನು ತಾನು ಸಾಯುವೆನೆಂದೆಣಿಸಿ ಅವರಿಬ್ಬರನ್ನೂ ದೇವರ ಕೈಗೆ ಒಪ್ಪಿಸಿದನು. ಆ ಮನೆಯಲ್ಲಿ ಪ್ರಾರ್ಥನೆಯೂ ನಡೆಯಿತು, ವೈದ್ಯನ ಉಪಚಾರವೂ ನಡೆಯಿತು, ಆತನು ಬದುಕಿಕೊಂಡನು. ಅದೇ ವರುಷ ಆ ಊರಿಗೆ ಪ್ಲೇಗು ಬಂದಾಗ ಗಂಡಹೆಂಡರು ಊರು ಬಿಡದೆ ತಮ್ಮ ಮನೆಯಲ್ಲಿಯೇ ರೋಗಿಗಳ ಸೇವೆಮಾಡಿದರು. ಆಗ ಲೂಥರನು ಬರೆದ ಒಂದು ಪತ್ರದ ತಾತ್ಪರ್ಯವೇನಂದರೆ, ಔಷಧವು ದೇವರು ಕೊಟ್ಟದ್ದು; ಅದನ್ನು ತಳ್ಳಿ ಸುಮ್ಮನಿರುವದು ವಿಶ್ವಾಸವಲ್ಲ, ದೇವರನ್ನು ಪರೀಕ್ಷಿಸುವದೇ.

ಇಷ್ಟಾದರೂ ಇನ್ನೊಂದು ಮಾತು ಉಳಿಯುತ್ತದೆ. ರೋಗಿಯ ವಾಂತಿಯನ್ನು ಬಳಿಯುವವರು ಯಾರು? ಹಾಸಿಗೆಯನ್ನು ಬದಲಿಸುವವರು ಯಾರು? ಗಂಡನು ಬಿದ್ದರೆ ಹೆಂಡತಿಯು ಎಲ್ಲವನ್ನೂ ಮಾಡುತ್ತಾಳೆ. ಹೆಂಡತಿಯು ಬಿದ್ದರೆ ನಮ್ಮಲ್ಲಿ ಅನೇಕ ಗಂಡಸರು ನೆರೆಯ ಹೆಂಗಸರನ್ನು ಕರೆದು ತಾವು ಅಂಗಳದಲ್ಲಿ ಕೂಡ್ರುತ್ತಾರೆ. ಇದು ಗಂಡಸರ ಕೆಲಸವಲ್ಲ ಅನ್ನುತ್ತಾರೆ. ಸಹೋದರರೇ, ಮದುವೆಯ ದಿನದಲ್ಲಿ ದೇವರ ಮುಂದೆಯೂ ಸಭೆಯ ಮುಂದೆಯೂ ಕೊಟ್ಟ ಮಾತಿನಲ್ಲಿ ಸೌಖ್ಯದ ದಿನಗಳು ಮಾತ್ರವೇ ಇದ್ದವೋ? ಕರ್ತನು ಸೊಂಟಕ್ಕೆ ಬಟ್ಟೆ ಕಟ್ಟಿಕೊಂಡು ಶಿಷ್ಯರ ಕಾಲುಗಳನ್ನು ತೊಳೆದನು. ಆತನಿಗೆ ಬಾರದ ನಾಚಿಕೆಯು ಆತನ ದಾಸರಿಗೆ ಬರಬಾರದು. ಹಣೆಯ ಬೆವರನ್ನು ಒರಸಿ ಕೈ ಹಿಡಿದುಕೊಂಡಿರುವ ಗಂಡನ ಮೌನವೂ ಪ್ರಾರ್ಥನೆಯೇ.

ಮಾಡತಕ್ಕದ್ದನ್ನೆಲ್ಲಾ ಮಾಡಿದರೂ ಕೆಲವು ರಾತ್ರಿಗಳು ಮರಣದಲ್ಲಿ ಮುಗಿಯುತ್ತವೆ. ಆಮೇಲೆ ಉಳಿದವರ ಎದೆಯಲ್ಲಿ ಒಂದು ಮುಳ್ಳು ಇರುತ್ತದೆ: ಇನ್ನೊಂದು ತಾಸು ಮೊದಲು ಹೊರಟಿದ್ದರೆ! ಇಂಥವರಿಗೆ ನಾವು ಹೇಳುವದೇನಂದರೆ, ತಿಳಿಯದೆ ತಡಮಾಡಿದ್ದು ಪ್ರೀತಿ ಕಡಿಮೆಯಾಗಿ ಮಾಡಿದ್ದಲ್ಲ. ಆ ಭಾರವನ್ನು ಕರ್ತನ ಪಾದದ ಬಳಿಯಲ್ಲಿ ಇಳಿಸಿರಿ. ಆದರೆ ತಿಳಿದ ಮೇಲೂ ತಡಮಾಡುವವನಿಗೆ ಈ ಸಮಾಧಾನವನ್ನು ಹೇಳುವದಕ್ಕೆ ನಮಗೆ ಧೈರ್ಯ ಸಾಲದು.

ಆದಕಾರಣ ಈ ಹೊತ್ತೇ ಕೆಲವು ಸಂಗತಿಗಳನ್ನು ಸಿದ್ಧಮಾಡಿಕೊಳ್ಳಿರಿ. ಬೇನೆಯವರನ್ನು ಧರ್ಮಾರ್ಥವಾಗಿ ಆಸ್ಪತ್ರೆಗೆ ಒಯ್ಯುವ 108ರ ಗಾಡಿಯು ನಮ್ಮ ನಾಡಿನಲ್ಲಿ 2008ರಿಂದ ಓಡಾಡುತ್ತದೆ. ಆ ಅಂಕೆಯನ್ನು ಗೋಡೆಯ ಮೇಲೆ ಬರೆಯಿರಿ. ಗಾಡಿಗೆ ದಾರಿ ತೋರಿಸುವದಕ್ಕೆ ಒಬ್ಬನು ಬ್ಯಾಟರಿ ಹಿಡಿದು ಊರ ಅಗಸೆಯಲ್ಲಿ ನಿಲ್ಲಲಿ. ದಿನಾಲು ನುಂಗುವ ಗುಳಿಗೆಗಳನ್ನೂ ವೈದ್ಯರ ಚೀಟಿಗಳನ್ನೂ ಒಂದೇ ಚೀಲದಲ್ಲಿಡಿರಿ. ಎದೆನೋವಿನವರನ್ನು ನಡೆಸಬೇಡಿರಿ. ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕಬೇಡಿರಿ. ಸಕ್ಕರೆ ರೋಗದ ಔಷಧ ತೆಗೆದುಕೊಳ್ಳುವವರು ರಾತ್ರಿಯಲ್ಲಿ ಬೆವತು ನಡುಗಿ ಗಲಿಬಿಲಿಗೊಂಡರೆ, ನುಂಗುವಷ್ಟು ಎಚ್ಚರವಿರುವಾಗ ಸಕ್ಕರೆ ನೀರು ಕೊಡಿರಿ. ಬಡವರ ಮನೆಯಲ್ಲಿ ಇಂಥ ರಾತ್ರಿ ಬಂದರೆ ಸಭೆಯವರಲ್ಲಿ ಒಬ್ಬರು ರೋಗಿಯ ಸಂಗಡ ಹೋಗಲಿ, ಒಬ್ಬರು ಮಕ್ಕಳ ಬಳಿಯಲ್ಲಿರಲಿ, ಒಬ್ಬರು ಬೆಳಿಗ್ಗೆ ದನಗಳಿಗೆ ಮೇವು ಹಾಕಲಿ.

ಹಾಗಾದರೆ ಮೊದಲು ಪ್ರಾರ್ಥನೆಯೋ, ಮೊದಲು ವೈದ್ಯರೋ? ಕೈಯಿಂದ 108ನ್ನು ಒತ್ತುವಾಗಲೇ ಬಾಯಿಂದ ಕರ್ತನ ಹೆಸರನ್ನು ಹೇಳಬಹುದು. ಕೈಯೂ ಬಾಯಿಯೂ ಒಬ್ಬನೇ ದೇವರು ಉಂಟುಮಾಡಿದವುಗಳು. ಒಂದು ಇನ್ನೊಂದಕ್ಕಾಗಿ ಕಾಯಬೇಕಾದದ್ದಿಲ್ಲ. ಇಸ್ರಾಯೇಲನ್ನು ಕಾಯುವಾತನು ತೂಕಡಿಸುವವನಲ್ಲ. ಆತನ ಎಚ್ಚರವನ್ನು ನಂಬಿರುವ ನಾವು ನಮ್ಮ ಮನೆಯವರ ಹಾಸಿಗೆಯ ಬಳಿಯಲ್ಲಿ ಎಚ್ಚರವಾಗಿರೋಣ.