ಹಳೆಯ ಸಾಮಾನಿನ ಪೊಟ್ಟಣ

ಮಗಳು ಎರಡೇ ಸೀಟಿನ ಕಾರು ಕೊಂಡಿದ್ದಾಳೆಂದು ಫೋನಿನಲ್ಲಿ ಕೇಳಿದಾಗ ನನಗೆ ಮೊದಲು ಹೊಳೆದದ್ದು, ಹಾಗಾದರೆ ನಾವಿಬ್ಬರೂ ಅಲ್ಲಿಗೆ ಹೋದರೆ ಒಬ್ಬರು ಮನೆಯಲ್ಲೇ ಉಳಿಯಬೇಕಲ್ಲ ಎಂಬುದು. ನಮ್ಮವರಿಗೆ ಮಂಡಿನೋವು ಜೋರಾಗಿ, 2023ರ ಬೇಸಿಗೆಯಲ್ಲಿ ನಾನೊಬ್ಬಳೇ ಕ್ಯಾಲಿಫೋರ್ನಿಯಾದ ಸ್ಯಾನ್ ಹೊಸೆಗೆ ಹೋದದ್ದರಿಂದ ಆ ಸಮಸ್ಯೆ ತಾನಾಗಿಯೇ ಬಗೆಹರಿಯಿತು.

ಕಾರು ಮಾಜ್ಡಾ ಮಿಯಾಟಾ. 1996ರದ್ದು, ಕೆಂಪು ಬಣ್ಣ, ಮಗಳಿಗಿಂತ ಆರು ವರ್ಷ ಚಿಕ್ಕದು. ಮೇಲಿನ ಬಟ್ಟೆಯ ಟಾಪನ್ನು ಮಡಚಿ ಹಿಂದಕ್ಕೆ ಹಾಕಿದರೆ ತಲೆಯ ಮೇಲೆ ಬರೀ ಆಕಾಶ. ನನ್ನ ಸೆರಗು, ಕೂದಲು, ಮರ್ಯಾದೆ ಮೂರೂ ಗಾಳಿಗೆ ಹಾರಿದವು ಎಂದು ಹೇಳಿ ಮುಂದೆ ಹೋಗುತ್ತೇನೆ. ನಾನು ಹೇಳಬೇಕಾದದ್ದು ಆ ಕಾರಿನ ರಿಪೇರಿಯ ವಿಷಯ.

ಅದಕ್ಕೆ ಟೈಮಿಂಗ್ ಬೆಲ್ಟ್ ಬದಲಿಸುವ ಕಾಲ ಬಂದಿತ್ತು. ಎಂಜಿನ್ನಿನ ವಾಲ್ವುಗಳು ಹೊತ್ತು ತಪ್ಪದೆ ತೆರೆದು ಮುಚ್ಚುವಂತೆ ನೋಡಿಕೊಳ್ಳುವ, ಒಳಗಡೆ ಹಲ್ಲುಗಳಿರುವ ರಬ್ಬರ್ ಪಟ್ಟಿ ಅದು. ಅರವತ್ತು ಸಾವಿರ ಮೈಲಿಗೊಮ್ಮೆ ಹೊಸದು ಹಾಕಿಸುವುದು ರೂಢಿಯಂತೆ. ಕೆಲವು ಕಾರುಗಳಲ್ಲಿ ಅದು ಹರಿದರೆ ಎಂಜಿನ್ನೇ ಹಾಳು. ಈ ಕಾರಿನಲ್ಲಿ ಅಷ್ಟು ಅನಾಹುತವಿಲ್ಲ, ನಡುರಸ್ತೆಯಲ್ಲಿ ನಿಂತುಬಿಡುತ್ತದೆ ಅಷ್ಟೆ. ಬೆಲ್ಟಿಗೆಂದು ಮುಂಭಾಗ ಬಿಚ್ಚಿದಾಗಲೇ ನೀರಿನ ಪಂಪನ್ನೂ ಬದಲಿಸಿದರೆ ಇನ್ನೊಮ್ಮೆ ಬಿಚ್ಚುವ ಕೂಲಿ ಉಳಿಯುತ್ತದೆ. ಇಂಥ ಕೆಲಸದಲ್ಲಿ ಸಾಮಾನಿನ ಬೆಲೆ ಕಡಿಮೆ, ಬಿಚ್ಚಿ ಕಟ್ಟುವ ಕೂಲಿಯೇ ಹೆಚ್ಚು.

ಕಂಪನಿಯ ಡೀಲರ್ ಬಳಿ ವಿಚಾರಿಸಿದರೆ ಸಾವಿರದ ಐನೂರು ಡಾಲರ್ ಎಂದರು. ಅಮೆರಿಕಕ್ಕೆ ಹೋದ ತಾಯಂದಿರೆಲ್ಲರಂತೆ ನಾನೂ ಮನಸ್ಸಿನಲ್ಲೇ ಗುಣಿಸಿದೆ. ಒಂದೂಕಾಲು ಲಕ್ಷದ ಹತ್ತಿರ ಬಂತು! ನಾವು ಶಿವಮೊಗ್ಗದಲ್ಲಿ ನಮ್ಮ ಹಳೆಯ ಪ್ರೀಮಿಯರ್ ಪದ್ಮಿನಿಯನ್ನು ಇಡಿಯಾಗಿ ಕೊಂಡದ್ದೇ ಅದರ ಅರ್ಧಕ್ಕೆ.

"ಸ್ಪೋರ್ಟ್ಸ್ ಕಾರ್ ಅಂದ ಕೂಡ್ಲೇ ರೇಟು ಏರತ್ತಮ್ಮ" ಎಂದಳು ಮಗಳು. ಆಮೇಲೆ ತಿಳಿಯಿತು, 1989ರ ಫೆಬ್ರವರಿಯಲ್ಲಿ ಷಿಕಾಗೋದ ಪ್ರದರ್ಶನದಲ್ಲಿ ಮೊದಲು ಕಾಣಿಸಿಕೊಂಡ ಈ ಕಾರಿನ ಎಂಜಿನ್ ಆಕಾಶದಿಂದ ಇಳಿದದ್ದೇನಲ್ಲ, ಅದೇ ಕಂಪನಿಯ ಮಾಮೂಲಿ ಸಂಸಾರಸ್ಥರ ಕಾರುಗಳ ಎಂಜಿನ್ನಿನ ಮನೆತನದ್ದೇ. ಕಾಂಜೀವರಂ ಸೀರೆಗೂ ವಾಯಿಲ್ ಸೀರೆಗೂ ಅದೇ ಫಾಲ್, ಅದೇ ದಾರ, ಅದೇ ಹೊಲಿಗೆ. ಆದರೂ ಜರಿ ಕಂಡ ತಕ್ಷಣ ದರ್ಜಿಯ ಬಾಯಲ್ಲಿ ಬೇರೆ ಸಂಖ್ಯೆ ಬರುವುದಿಲ್ಲವೇ, ಹಾಗೆ.

ಹೊರಗಿನ ಗ್ಯಾರೇಜು ಹುಡುಕಲು ಒಂದು ವಾರ ಹಿಡಿಯಿತು. ಹೊರಗೆ ಮಾಡಿಸಿದರೆ ವಾರಂಟಿ ಹೋಗುತ್ತದೆಂದು ಅಲ್ಲಿಯೂ ಹಲವರಿಗೆ ಭಯ. ನಮ್ಮಲ್ಲೇ ಸರ್ವಿಸ್ ಮಾಡಿಸಿದರೆ ಮಾತ್ರ ವಾರಂಟಿ ಎಂದು ಕಂಪನಿ ಷರತ್ತು ಹಾಕುವಂತಿಲ್ಲ ಎಂಬ ಕಾನೂನು ಆ ದೇಶದಲ್ಲಿ 1975ರಿಂದಲೇ ಇದೆ. ಇಪ್ಪತ್ತೇಳು ವರ್ಷದ ಕಾರಿಗೆ ವಾರಂಟಿಯ ಮಾತೆಲ್ಲಿ ಬಂತು, ಅದು ಬೇರೆ. ಕೊನೆಗೆ, ಅದೇ ಕಾರು ಇಟ್ಟುಕೊಂಡಿದ್ದ ಸಹೋದ್ಯೋಗಿಯೊಬ್ಬಳು ಒಂದು ಜಾಗ ಹೇಳಿದಳು.

ಎರಡು ಕಾರು ನಿಲ್ಲುವಷ್ಟೇ ಜಾಗವಿದ್ದ ಗ್ಯಾರೇಜು. ಅರವತ್ತು ದಾಟಿದ, ವಿಯೆಟ್ನಾಮಿನಿಂದ ಬಂದು ನೆಲೆಸಿದವರು ಅದರ ಯಜಮಾನರು. ಅವರ ಇಂಗ್ಲಿಷೂ ನನ್ನ ಇಂಗ್ಲಿಷಿನಷ್ಟೇ ಆದ್ದರಿಂದ ನನಗೆ ಚೆನ್ನಾಗಿ ಅರ್ಥವಾಯಿತು. ಬೆಲ್ಟು, ಪಂಪು, ಸೀಲುಗಳು, ಬ್ರೇಕ್ ಆಯಿಲ್ ಎಲ್ಲ ಸೇರಿ ಏಳುನೂರು ಡಾಲರ್ ಎಂದು ಕಾಗದದ ಮೇಲೆ ಬರೆದರು. ಡೀಲರ್ ಕೊಟ್ಟ ಪಟ್ಟಿಯಲ್ಲಿ ಕ್ಲಚ್ಚೂ ಮುಂದೆ ಬದಲಿಸಬೇಕೆಂದಿತ್ತು. ಇವರು ಒಂದು ಸುತ್ತು ಓಡಿಸಿ ಬಂದು, ಈಗ ಬೇಡ, ಜಾರಲು ಶುರುವಾದಾಗ ಬನ್ನಿ ಎಂದರು.

ನಾನು ಮಗಳ ಮೊಣಕೈ ತಿವಿದೆ. "ಇನ್ನೊಂದು ಐವತ್ತು ಕಮ್ಮಿ ಮಾಡ್ತಾರೇನು ಕೇಳೇ."

"ಅಲ್ಲಿ ಸಾವಿರದ ಐನೂರು ಅಂದಾಗ ಯಾಕೆ ಕೇಳು ಅನ್ಲಿಲ್ಲ ನೀನು?"

ಉತ್ತರ ಹೊಳೆಯಲಿಲ್ಲ. ಅಲ್ಲಿ ಗಾಜಿನ ಕೋಣೆಯಿತ್ತು, ಮೆತ್ತನೆಯ ಸೋಫಾ, ಬಿಟ್ಟಿ ಕಾಫಿ, ಇಸ್ತ್ರಿ ಮಾಡಿದ ಅಂಗಿಯ ಹುಡುಗ. ಅಲ್ಲಿ ಬಾಯಿ ತೆರೆಯಬೇಕೆಂದು ನನಗೆ ಅನ್ನಿಸಿರಲೇ ಇಲ್ಲ. ಎಂದೂ ಅನ್ನಿಸಿಲ್ಲ. ಸೀರೆಯ ದೊಡ್ಡ ಅಂಗಡಿಯಲ್ಲಿ ಚೀಟಿಯ ಮೇಲಿದ್ದದ್ದನ್ನು ಎಣಿಸಿ ಕೊಟ್ಟು ಬರುವ ನಾನು, ಹೊರಗೆ ಬಂದು ಕೊತ್ತಂಬರಿ ಕಟ್ಟಿಗೆ ಎರಡು ರೂಪಾಯಿ ಜಗ್ಗಾಡುತ್ತೇನೆ. ಚೌಕಾಸಿ ಮಾಡುವುದು ತಪ್ಪೆಂದು ನಾನು ಹೇಳಲಾರೆ, ಅದಿಲ್ಲದೆ ನಾನು ಸಂಸಾರ ತೂಗಿಸುತ್ತಿರಲಿಲ್ಲ. ಆದರೆ ಯಾರ ಕೈ ಮಸಿಯಾಗಿದೆಯೋ ಅವರ ಮೇಲೆಯೇ ನನ್ನ ಅನುಮಾನ ಏಕೆ ಚುರುಕಾಗುತ್ತದೆ?

ಚೌಕಾಸಿ ಬಿಟ್ಟೆ, ಅನುಮಾನ ಬಿಡಲಿಲ್ಲ. "ಹೊಸದೇ ಹಾಕಿದರು ಅಂತ ನಮಗೆ ಹೇಗೆ ಗೊತ್ತಾಗ್ಬೇಕು?" ಎಂದು ಪಿಸುಗುಟ್ಟಿದೆ. ಮಗಳು ಕಾಗದದ ಒಂದು ಮೂಲೆಯಲ್ಲಿ ಗುರುತು ಹಾಕಿ ನನಗೆ ತೋರಿಸಿದಳು. ಕ್ಯಾಲಿಫೋರ್ನಿಯಾದಲ್ಲಿ ಇದಕ್ಕೂ ಕಾನೂನಿದೆ, 1971ರದ್ದು. ಕೆಲಸಕ್ಕೆ ಮೊದಲು ಅಂದಾಜು ಬರೆದುಕೊಡಬೇಕು, ಗಿರಾಕಿ ಮೊದಲೇ ಕೇಳಿಕೊಂಡಿದ್ದರೆ ಬಿಚ್ಚಿದ ಹಳೆಯ ಸಾಮಾನನ್ನು ವಾಪಸು ಕೊಡಬೇಕು.

ಹಳೆಯ ಸಾಮಾನು ಎಂದ ಕೂಡಲೇ ನನ್ನ ಹೊಟ್ಟೆಯಲ್ಲಿ ಏನೋ ತಿರುಚಿದಂತಾಯಿತು.

ನಮ್ಮ ಪದ್ಮಿನಿಯನ್ನು ನೋಡಿಕೊಳ್ಳುತ್ತಿದ್ದ ಮೇಸ್ತ್ರಿಯೊಬ್ಬರಿದ್ದರು. ಮನೆಗೇ ಬಂದು ಕಾರು ಒಯ್ದು, ಸಂಜೆ ತಂದು ನಿಲ್ಲಿಸಿ, ಜಗಲಿಯ ಮೇಲೆ ಪೇಪರಿನಲ್ಲಿ ಸುತ್ತಿದ ಒಂದು ಪೊಟ್ಟಣ ಇಟ್ಟು ಹೋಗುವರು. ಗ್ರೀಸಿನ ಕಲೆ ತುಂಬಿದ ಆ ಗಂಟನ್ನು ಕಸವೆಂದುಕೊಂಡು ನಾನು ಹಿತ್ತಲ ಗುಂಡಿಗೆ ಎಸೆಯುತ್ತಿದ್ದೆ. ಒಳ್ಳೆಯ ಮನುಷ್ಯ, ಆದರೆ ಕಸ ತಂದು ಜಗಲಿಯ ಮೇಲಿಡುತ್ತಾನೆ ಎಂದು ಬೈದುಕೊಳ್ಳುತ್ತಲೂ ಇದ್ದೆ.

1994ರಲ್ಲಿ ತೀರ್ಥಹಳ್ಳಿಗೆ ಮದುವೆಗೆ ಹೊರಟಿದ್ದೆವು. ಮಗಳಿಗೆ ನಾಲ್ಕು ವರ್ಷ, ಹಿಂದಿನ ಸೀಟಿನಲ್ಲಿ ಮಲಗಿದ್ದಳು. ಮಂಡಗದ್ದೆಯ ಹತ್ತಿರ ಎಂಜಿನ್ ಕಾದು, ಹಬೆ ಎದ್ದು, ಕಾರು ನಿಂತಿತು. ಮುಹೂರ್ತ ತಪ್ಪಿತು. ಹಿಂದಿನ ವಾರವಷ್ಟೇ ಹೊಸ ಫ್ಯಾನ್ ಬೆಲ್ಟ್ ಎಂದು ಮೇಸ್ತ್ರಿ ದುಡ್ಡು ತೆಗೆದುಕೊಂಡಿದ್ದರು. ಮಾರನೆಯ ದಿನ ಅವರು ಬಂದಾಗ ನಮ್ಮವರು ಸ್ನಾನಕ್ಕೆ ಹೋಗಿದ್ದರು. ನಾನು ಜಗಲಿಯಲ್ಲೇ ನಿಂತು, ಅಕ್ಕಪಕ್ಕದವರಿಗೆ ಕೇಳಿಸುವಂತೆ, ಬೆಲ್ಟು ಹಾಕದೆಯೇ ದುಡ್ಡು ಹೊಡೆದಿರಿ ಎಂದುಬಿಟ್ಟೆ.

"ಪೊಟ್ಟಣ ಬಿಚ್ಚಿ ನೋಡ್ಲಿಲ್ವಾ ಅಮ್ಮಾರೇ?" ಎಂದರು. ಅಷ್ಟೇ. ನನಗೆ ಅರ್ಥವೂ ಆಗಲಿಲ್ಲ.

ಬೆಲ್ಟು ಹೊಸದೇ ಇತ್ತು. ಬಿರಿದಿದ್ದದ್ದು ರೇಡಿಯೇಟರಿನ ಹೋಸ್ ಪೈಪು. ಅಂದು ಸಂಜೆಯೇ ನಮ್ಮವರು ಹೇಳಿದರು. ನಾನು ಸಾರಿಗೆ ಒಗ್ಗರಣೆ ಹಾಕುತ್ತಿದ್ದೆ, ಹಾಕುತ್ತಲೇ ಇದ್ದೆ. ಆಮೇಲೂ ಅವರು ಕರೆದಾಗ ಬರುತ್ತಿದ್ದರು. ಪೊಟ್ಟಣ ಇಡುವುದನ್ನು ಮಾತ್ರ ನಿಲ್ಲಿಸಿದರು. ನಾನು ಕೇಳಲಿಲ್ಲ.

ವೈದ್ಯರು, ಅಕ್ಕಸಾಲಿಗರು, ಮೆಕ್ಯಾನಿಕ್, ಇವರ ಕೆಲಸವನ್ನು ತೂಗಿ ನೋಡಲು ನಮ್ಮ ಬಳಿ ತಕ್ಕಡಿಯಿಲ್ಲ. ಮುಖ ನೋಡಿ, ಮಾತು ನೋಡಿ, ಅಂಗಡಿಯ ಥಳಕು ನೋಡಿ ತೀರ್ಮಾನಿಸುತ್ತೇವೆ. ಕಣ್ಣಾರೆ ಕಂಡ ಮೇಲೆ ಇಡುವ ನಂಬಿಕೆ ನಂಬಿಕೆಯೇ ಎಂದು ಅಂದು ಗ್ಯಾರೇಜಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತು ಯೋಚಿಸಿದೆ. ಹಳೆಯ ಬೆಲ್ಟು ಕೈಗೆ ಬಂದರೂ ಅದು ನಮ್ಮ ಕಾರಿನದ್ದೇ ಎಂದು ನನಗೇನು ಗೊತ್ತು? ಹಾಗೆ ನೋಡಿದರೆ ಅದು ಸಾಕ್ಷಿಯೇ ಅಲ್ಲ. ನೀವು ನನ್ನನ್ನು ಅನುಮಾನಿಸಬಹುದು, ನನಗೆ ಬೇಸರವಿಲ್ಲ ಎಂದು ಆ ಮನುಷ್ಯ ತಾನಾಗಿ ಕೊಡುವ ಮಾತು. ಇಲ್ಲಿ ಅದನ್ನು ಕಾನೂನು ಹೇಳಿಸುತ್ತದೆ. ನಮ್ಮ ಮೇಸ್ತ್ರಿ ಯಾರೂ ಹೇಳದೆ ವರ್ಷಗಟ್ಟಲೆ ಜಗಲಿಯ ಮೇಲೆ ಇಟ್ಟು ಹೋಗುತ್ತಿದ್ದರು. ನಾನು ಅನುಮಾನವನ್ನು ಇಟ್ಟುಕೊಂಡು ಪೊಟ್ಟಣವನ್ನು ಎಸೆದೆ.

ಮರುದಿನ ಸಂಜೆ ಕಾರಿನ ಜೊತೆ ಒಂದು ರಟ್ಟಿನ ಡಬ್ಬಿಯೂ ಬಂತು. "ಕಸಕ್ಕೆ ಹಾಕ್ಲಾ?" ಎಂದಳು ಮಗಳು. ಇರು ಎಂದು ಅಡುಗೆಮನೆಯ ಮೇಜಿನ ಮೇಲೆ ಪೇಪರು ಹಾಸಿ ಬಿಚ್ಚಿದೆ. ಪಂಪು, ಎರಡು ಸೀಲು, ಸುರುಳಿ ಸುತ್ತಿದ ಕಪ್ಪು ಪಟ್ಟಿ. ಬಗ್ಗಿಸಿದರೆ ಹಲ್ಲುಗಳ ನಡುವೆ ಕೂದಲೆಳೆಯಂಥ ಬಿರುಕುಗಳು. ಅವು ಹೆಚ್ಚೋ ಕಡಿಮೆಯೋ ನನಗೆ ತಿಳಿಯಲಿಲ್ಲ. ಬಹಳ ಹೊತ್ತು ನೋಡಿದೆ.

ಊರಿನಲ್ಲಿ ಬೆಳಗಿನ ಕಾಫಿಯ ಹೊತ್ತು. ನಮ್ಮವರಿಗೆ ಫೋನು ಮಾಡಿ, ಮೇಸ್ತ್ರಿ ಈಗ ಎಲ್ಲಿದ್ದಾರೆ ಎಂದು ಕೇಳಿದೆ. ಗ್ಯಾರೇಜು ಮುಚ್ಚಿ ಎಷ್ಟೋ ವರ್ಷವಾಯಿತು, ಭದ್ರಾವತಿಯಲ್ಲಿ ಮಗನ ಮನೆಯಲ್ಲಿದ್ದಾರೆ, ಕಣ್ಣು ಸರಿಯಾಗಿ ಕಾಣುವುದಿಲ್ಲವಂತೆ ಎಂದರು. ಯಾಕೆ ಎಂದು ಕೇಳಿದರು.

ಸುಮ್ಮನೆ ಎಂದೆ. ಸ್ವಲ್ಪ ಹೊತ್ತು ಬಿಟ್ಟು, ನಂಬರು ಇದೆಯಾ ಎಂದೆ.

ಹುಡುಕಬೇಕು ಎಂದರು.