ಕವಲು ಹಳಿಯ ನ್ಯಾಯ

ಸಾವಿರಾರು ಜನ ಬಳಸುವ ಹೆದ್ದಾರಿಯನ್ನು ಕಾಪಾಡಬೇಕೆಂಬ ವಿಷಯದಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿಲ್ಲ. ಕೆಲವೇ ಮಂದಿ ಬಳಸುವ ಕಿರುದಾರಿಯ ಮಾತು ಬಂದಾಗ ಮಾತ್ರ ನಾವು ಲೆಕ್ಕದ ಪುಸ್ತಕವನ್ನು ತೆರೆಯುತ್ತೇವೆ. ಎಷ್ಟು ಜನ, ಎಷ್ಟು ವೆಚ್ಚ, ಎಷ್ಟು ಆದಾಯ ಎಂದು ಕೇಳುತ್ತೇವೆ. ಈ ಪ್ರಶ್ನೆಗಳು ತಪ್ಪಲ್ಲ. ಆದರೆ ಇವುಗಳಿಗೆ ಮುಂಚೆಯೇ ಕೇಳಬೇಕಾದ ಇನ್ನೊಂದು ಪ್ರಶ್ನೆ ಉಂಟೆ ಎಂಬುದು ಇಲ್ಲಿ ನಮ್ಮ ವಿಚಾರ. ಇಂಥ ವಿಚಾರವನ್ನು ಬರಿಯ ಮಾತಿನಲ್ಲಿ ತೂಗುವುದಕ್ಕಿಂತ ಒಂದು ನಿಜವಾದ ಉದಾಹರಣೆಯನ್ನು ಮುಂದಿಟ್ಟುಕೊಂಡು ನೋಡುವುದು ಲೇಸು. ಅದಕ್ಕಾಗಿ ಶಾಲೆಯ ಭೂಪಟವನ್ನು ಬಿಡಿಸಿ ಡೆನ್ಮಾರ್ಕ್ ದೇಶದವರೆಗೆ ಹೋಗಿ ಬರೋಣ. ದಾರಿ ದೂರ, ನೋಡಬೇಕಾದ ವಸ್ತು ಮಾತ್ರ ಬಹಳ ಚಿಕ್ಕದು.

ರಾಜಧಾನಿಯಾದ ಕೋಪನ್‌ಹೇಗನ್ನಿನ ಉತ್ತರ ದಿಕ್ಕಿನ ಉಪನಗರಗಳಲ್ಲಿ ಯೇಗರ್ಸ್‌ಬೋರ್ ಎಂಬ ನಿಲ್ದಾಣವಿದೆ. ನಗರದ ವಿದ್ಯುತ್ ರೈಲುಗಳು ಅಲ್ಲಿ ನಿಂತು ಮುಂದೆ ಸಾಗುತ್ತವೆ. ಅದೇ ನಿಲ್ದಾಣದಿಂದ ಒಂದು ಪುಟ್ಟ ಮಾರ್ಗ ಕವಲೊಡೆದು ನೇರುಮ್ ಎಂಬ ಊರಿನಲ್ಲಿ ಮುಗಿಯುತ್ತದೆ. ಅದರ ಉದ್ದ ಸುಮಾರು 8 ಕಿಲೋಮೀಟರು. ಹಳಿಯ ಮೇಲೆ ವಿದ್ಯುತ್ತಿನ ತಂತಿಯಿಲ್ಲ; ಡೀಸೆಲ್ ಗಾಡಿಗಳು ಓಡುತ್ತವೆ. ಸುತ್ತಲಿನ ಜನ ಈ ರೈಲಿಗೆ ‘ಗ್ರೀಸನ್’, ಎಂದರೆ ‘ಹಂದಿ’, ಎಂಬ ಅಡ್ಡಹೆಸರನ್ನಿಟ್ಟಿದ್ದಾರೆ. ಕೇಳಿದವರಿಗೆ ನಗು ಬರಬಹುದು. ಆದರೆ ಸಂಬಂಧವಿಲ್ಲದ ವಸ್ತುವಿಗೆ ಯಾರೂ ಅಡ್ಡಹೆಸರಿಡುವ ಗೊಡವೆಗೆ ಹೋಗುವುದಿಲ್ಲ. ಗೇಲಿಯಲ್ಲಿಯೂ ಒಂದು ಸಲಿಗೆ ಇರುತ್ತದೆ.

ಲಿಂಗ್‌ಬಿ ಪಟ್ಟಣವನ್ನು ಹಿಂದೆ ಬಿಟ್ಟ ಮೇಲೆ ಈ ಮಾರ್ಗವು ಒಂದು ಸಣ್ಣ ಹೊಳೆಯ ಕಣಿವೆಯನ್ನು ಹಿಡಿಯುತ್ತದೆ. ಫೂಲೆವಾದ್, ಬ್ರೇದೆ, ಓರ್‌ಹೋಲ್ಮ್, ರಾವ್ನ್‌ಹೋಲ್ಮ್ ಎಂಬ ನಿಲ್ದಾಣಗಳು ಒಂದರ ಹಿಂದೊಂದು ಬರುತ್ತವೆ. ಹೊಳೆಯ ಡೇನಿಷ್ ಹೆಸರಿಗೆ ‘ಗಿರಣಿಯ ಹೊಳೆ’ ಎಂದೇ ಅರ್ಥ. ಹಿಂದಿನ ಕಾಲದಲ್ಲಿ ಅದರ ದಂಡೆಯ ಮೇಲೆ ಒಂಬತ್ತು ಗಿರಣಿಗಳಿದ್ದವು. ಬೀಳುವ ನೀರಿನ ಬಲದಿಂದಲೇ ಅಲ್ಲಿ ಕೋವಿಯ ಮದ್ದು, ತಾಮ್ರದ ಸಾಮಾನು, ಬಟ್ಟೆ, ಕಾಗದ ಮೊದಲಾದವು ತಯಾರಾದವು. ಡೆನ್ಮಾರ್ಕಿನ ಕೈಗಾರಿಕೆಯ ತೊಟ್ಟಿಲು ಎಂದು ಈ ಕಣಿವೆಯನ್ನು ಕರೆಯುವ ವಾಡಿಕೆ ಇದೆ. 1900ರಲ್ಲಿ ರೈಲುಮಾರ್ಗ ಇಲ್ಲಿಗೆ ಬಂದಿತು. ಆಗ ಅದು ಲಿಂಗ್‌ಬಿಯಿಂದ ನೇರುಮ್ ದಾಟಿ, ಸಮುದ್ರದ ದಂಡೆಯ ವೇದ್‌ಬೆಕ್ ಎಂಬ ಊರನ್ನು ಮುಟ್ಟುತ್ತಿತ್ತು.

ಈ ಮಾರ್ಗದ ಬಾಳಿನಲ್ಲಿ ಎರಡು ಘಟನೆಗಳನ್ನು ನಾವು ಗಮನಿಸಬೇಕು. 1923ರಲ್ಲಿ ನೇರುಮಿನಿಂದ ವೇದ್‌ಬೆಕ್ಕಿನವರೆಗಿನ ಭಾಗವನ್ನು ಮುಚ್ಚಲಾಯಿತು. 1956ರಲ್ಲಿ ಬ್ರೇದೆಯ ಹೆಸರಾಂತ ಬಟ್ಟೆಯ ಕಾರ್ಖಾನೆ ಮುಚ್ಚಿತು. ಮೊದಲನೆಯದರಿಂದ ಮಾರ್ಗ ಮೊಟಕಾಯಿತು. ಎರಡನೆಯದರಿಂದ ಅದರ ಹಳೆಯ ಉಪಯೋಗಗಳಲ್ಲೊಂದು ಇಲ್ಲವಾಯಿತು. ಆದರೂ ಉಳಿದ 8 ಕಿಲೋಮೀಟರಿನಲ್ಲಿ ಇಂದಿಗೂ ರೈಲು ಓಡುತ್ತಿದೆ. ಹಾಗಾದರೆ ಕಡಿದದ್ದು ನ್ಯಾಯವೆ? ಉಳಿಸಿದ್ದು ನ್ಯಾಯವೆ? ಎರಡೂ ನ್ಯಾಯವಾಗಿದ್ದರೆ ಅವನ್ನು ಅಳೆಯುವ ಕೋಲು ಯಾವುದು?

ಸಂಖ್ಯೆಯೇ ಆ ಕೋಲು ಎಂದು ಹೇಳುವವರುಂಟು. ಇಂಗ್ಲೆಂಡಿನ ಬೆಂಥಮ್ (1748–1832) ಪ್ರಸಿದ್ಧಿಗೆ ತಂದ ಸಿದ್ಧಾಂತದಂತೆ, ಅತ್ಯಧಿಕ ಜನರ ಅತ್ಯಧಿಕ ಸುಖವೇ ಧರ್ಮಾಧರ್ಮಗಳ ಮಾನದಂಡ. ಈ ಮಾತಿನಲ್ಲಿ ದೊಡ್ಡದೊಂದು ಸತ್ಯವಿದೆ. ಒಬ್ಬ ಶ್ರೀಮಂತನ ಸುಖಕ್ಕಾಗಿ ನೂರು ಬಡವರನ್ನು ಮರೆಯುವ ಆಡಳಿತವನ್ನು ಅದು ತಲೆ ತಗ್ಗಿಸುವಂತೆ ಮಾಡಿತು. ಆದರೆ ಈ ಕೋಲನ್ನೊಂದನ್ನೇ ಹಿಡಿದು ಹೊರಟರೆ ಕವಲು ದಾರಿಗಳಿಗೆಲ್ಲ ಸಂಕಟ. ಕವಲಿನ ಮೇಲೆ ಮಾಡುವ ವೆಚ್ಚವನ್ನು ಹೆದ್ದಾರಿಯ ಮೇಲೆ ಮಾಡಿದರೆ ಹೆಚ್ಚು ಜನಕ್ಕೆ ಅನುಕೂಲವೆಂದು ಯಾವಾಗಲೂ ತೋರಿಸಬಹುದು. ಒಂದು ಕವಲನ್ನು ಕಡಿದ ಮೇಲೆ, ಉಳಿದವುಗಳಲ್ಲಿ ಅತಿ ಚಿಕ್ಕದರ ಸರದಿ ಬರುತ್ತದೆ. ಈ ತರ್ಕಕ್ಕೆ ಎಲ್ಲಿ ನಿಲ್ಲಬೇಕೆಂದು ತಿಳಿಯದು.

ಡೆನ್ಮಾರ್ಕಿನವನೇ ಆದ ತತ್ತ್ವಜ್ಞ ಕೀರ್ಕೆಗಾರ್ (1813–1855) ಇದಕ್ಕೆ ವಿರುದ್ಧವಾದ ದಿಕ್ಕಿನಿಂದ ಯೋಚಿಸಿದನು. ಕೋಪನ್‌ಹೇಗನ್ನಿನಿಂದ ರೋಸ್ಕಿಲ್ಡೆಗೆ ಮೊದಲ ರೈಲು ಹೊರಟ 1847ರಲ್ಲಿ ಅವನು ಅದೇ ನಗರದಲ್ಲಿ ಬರೆಯುತ್ತಿದ್ದನು. ಅವನ ವಿಚಾರದ ಕೇಂದ್ರದಲ್ಲಿ ಗುಂಪಿಲ್ಲ, ಒಬ್ಬನೇ ವ್ಯಕ್ತಿ ಇದ್ದಾನೆ. ಗುಂಪಿನಲ್ಲಿ ಸೇರಿದೊಡನೆ ಮನುಷ್ಯನು ತನ್ನ ಹೊಣೆಯನ್ನು ಮರೆಯುತ್ತಾನೆಂದು ಅವನ ಅಭಿಪ್ರಾಯ. ಅವನ ಚಿಂತೆ ಆತ್ಮದ ವಿಷಯದ್ದು, ರೈಲಿನದಲ್ಲ. ಆದರೂ ಅವನಿಂದ ನಾವು ಒಂದು ಎಚ್ಚರಿಕೆಯನ್ನು ಪಡೆಯಬಹುದು. ‘ಹತ್ತು ಮಂದಿ ಪ್ರಯಾಣಿಕರು’ ಎಂದು ಬರೆದಾಗ ಆ ಹತ್ತು ಮಂದಿಯ ಮುಖಗಳು ನಮ್ಮ ಕಣ್ಣಿಂದ ಮರೆಯಾಗುತ್ತವೆ. ಎಣಿಕೆಗೆ ಬಂದವನು ತನ್ನ ಮಟ್ಟಿಗೆ ಎಂದಿಗೂ ಹತ್ತರಲ್ಲಿ ಒಂದು ಪಾಲಲ್ಲ. ಅವನು ಇಡಿಯ ಮನುಷ್ಯ.

ಹಾಗೆಂದು ಪ್ರತಿಯೊಂದು ಚಿಕ್ಕ ವಸ್ತುವನ್ನೂ ಎಂದೆಂದಿಗೂ ಉಳಿಸಬೇಕೆಂದು ನಾವು ವಾದಿಸುವುದಿಲ್ಲ. ಚಿಕ್ಕದಾಗಿರುವುದು ತಪ್ಪಲ್ಲ, ಚಿಕ್ಕದಾಗಿರುವುದೇ ಒಂದು ಹಕ್ಕೂ ಅಲ್ಲ. ಭೂಪಟವನ್ನು ಮತ್ತೊಮ್ಮೆ ನೋಡೋಣ. ವೇದ್‌ಬೆಕ್ ಇರುವುದು ಕೋಪನ್‌ಹೇಗನ್ನಿನಿಂದ ಹೆಲ್ಸಿಂಗೋರಿಗೆ ಹೋಗುವ ಕರಾವಳಿಯ ರೈಲುಮಾರ್ಗದಲ್ಲಿ. ಆ ಮಾರ್ಗವು 1897ರಲ್ಲಿಯೇ ಅಲ್ಲಿಗೆ ಬಂದಿತ್ತು. ಆದ್ದರಿಂದ ಕವಲನ್ನು ಕಡಿದರೂ ವೇದ್‌ಬೆಕ್ಕಿನವರು ದಾರಿಯಿಲ್ಲದವರಾಗಲಿಲ್ಲ. ನೇರುಮ್ ಒಳನಾಡಿನ ಊರು. ಅಲ್ಲಿಗೆ ಬೇರೆ ರೈಲು ಇಲ್ಲ. ನಾವು ಹುಡುಕುತ್ತಿದ್ದ ಕೋಲು ಇಲ್ಲಿ ಸಿಗುತ್ತದೆ. ‘ಎಷ್ಟು ಜನ ಬಳಸುತ್ತಾರೆ?’ ಎಂಬುದಕ್ಕೆ ಮುಂಚೆ ಕೇಳಬೇಕಾದದ್ದು ಇದು: ‘ಇದು ಇಲ್ಲವಾದರೆ ಬೇರೆ ದಾರಿಯೇ ಇಲ್ಲದವರು ಯಾರು?’

ಈ ಕೋಲಿನಿಂದ ಅಳೆದರೂ ನೋವು ಪೂರ್ತಿಯಾಗಿ ಹೋಗುವುದಿಲ್ಲವೆಂಬುದನ್ನು ಒಪ್ಪಿಕೊಳ್ಳಬೇಕು. ನೇರುಮಿಗೂ ಕರಾವಳಿಗೂ ನಡುವೆ ವಾಸವಾಗಿದ್ದವರು 1923ರ ಬಳಿಕ ಹೆಚ್ಚು ದೂರ ನಡೆಯಬೇಕಾಯಿತು. ನ್ಯಾಯವಾದ ನಿರ್ಧಾರವೂ ಯಾರಿಗೋ ಭಾರವಾಗಬಹುದು. ನಿರ್ಧರಿಸುವವನು ಆ ಭಾರ ಯಾರ ಹೆಗಲಿಗೆ ಬಿದ್ದಿತೆಂದು ತಿಳಿದಿರಬೇಕು. ತಿಳಿಯದೆ ಕಡಿಯುವುದು ಬರಿಯ ಸೋಮಾರಿತನ.

ಇನ್ನು ಹಳೆಯ ಉಪಯೋಗ ಹೋದ ವಸ್ತುವಿನ ಮಾತು. ಬಟ್ಟೆಯ ಕಾರ್ಖಾನೆ ಮುಚ್ಚಿತೆಂದು ಬ್ರೇದೆಯ ನಿಲ್ದಾಣವನ್ನು ಮುಚ್ಚಲಿಲ್ಲ. ಕಾರ್ಖಾನೆಯ ಕಟ್ಟಡಗಳು ರಾಷ್ಟ್ರೀಯ ಸಂಗ್ರಹಾಲಯಕ್ಕೆ ಸೇರಿದವು. ಸಮೀಪದಲ್ಲಿ 1901ರಿಂದಲೂ ಒಂದು ಬಯಲು ಸಂಗ್ರಹಾಲಯವಿದೆ. ಡೆನ್ಮಾರ್ಕಿನ ನಾನಾ ಭಾಗಗಳಿಂದ, ಹಿಂದೆ ಡೇನಿಷ್ ಅರಸರಿಗೆ ಸೇರಿದ್ದು ಈಗ ಸ್ವೀಡನ್ ಮತ್ತು ಜರ್ಮನಿಗಳಲ್ಲಿರುವ ಸೀಮೆಗಳಿಂದಲೂ ತಂದ ಹಳ್ಳಿಯ ಮನೆಗಳನ್ನು ಅಲ್ಲಿ ಮರಳಿ ಕಟ್ಟಿ ನಿಲ್ಲಿಸಿದ್ದಾರೆ. ಅದು ಮೆಚ್ಚತಕ್ಕ ಕೆಲಸ. ಆದರೆ ಆ ಮನೆಗಳ ಒಲೆಯ ಮುಂದೆ ಈಗ ಯಾವ ಕುಟುಂಬವೂ ಕೂಡುವುದಿಲ್ಲ. ಅದೇ ಬ್ರೇದೆಯಲ್ಲಿ ನಿಂತು ಹೋಗುವ ರೈಲಿನ ಕಥೆ ಬೇರೆ. ಅದನ್ನು ಯಾರೂ ಗಾಜಿನ ಪೆಟ್ಟಿಗೆಯಲ್ಲಿಟ್ಟು ಗೌರವಿಸಲಿಲ್ಲ. ಬೆಳಿಗ್ಗೆ ಕೆಲಸಕ್ಕೋ ಶಾಲೆಗೋ ಹೋಗುವವರು ಅದನ್ನು ಹತ್ತುತ್ತಾರೆ; ಸಂಜೆ ಅದರಲ್ಲಿಯೇ ಮನೆಗೆ ಮರಳುತ್ತಾರೆ. ಅದು ಉಳಿದಿರುವುದು ಹೀಗೆ ನಿತ್ಯದ ಬಳಕೆಯಿಂದ.

ಗಡಿಯ ಸೀಮೆಯಲ್ಲಿ ಕನ್ನಡವನ್ನು ಕಲಿಸುವ, ಕಲಿಯುವ ನಮಗೆ ಈ ಮಾತು ದೂರದ್ದಲ್ಲ. ತರಗತಿಯಲ್ಲಿ ಏಳೆಂಟು ಮಕ್ಕಳಿರುವ ಶಾಲೆಯ ಮುಂದೆಯೂ ಲೆಕ್ಕದ ಪುಸ್ತಕ ತೆರೆದೇ ಇರುತ್ತದೆ. ಆಗ ನಾವು ಸಂಖ್ಯೆಯನ್ನು ಮರೆಮಾಡಬೇಕಾಗಿಲ್ಲ, ಹಳೆಯ ವೈಭವವನ್ನು ಎತ್ತಿ ಹೇಳಬೇಕಾಗಿಯೂ ಇಲ್ಲ. ಈ ಮಕ್ಕಳಿಗೆ ತಾಯ್ನುಡಿಯಲ್ಲಿ ಓದಲು ಸಮೀಪದಲ್ಲಿ ಬೇರೆ ದಾರಿ ಯಾವುದಿದೆ ಎಂದು ವಿನಯದಿಂದ ಕೇಳಿದರೆ ಸಾಕು. ಆದರೆ ಕೇಳುವ ಅಧಿಕಾರ ನಮಗೆ ಬರಬೇಕಾದರೆ ಒಂದು ನಿಬಂಧನೆಯುಂಟು. ಆ ರೈಲನ್ನು ಅಲ್ಲಿನ ಜನ ದಿನವೂ ಹತ್ತುತ್ತಾರೆ. ನಮ್ಮ ಮಕ್ಕಳನ್ನು ನಾವು ದಿನವೂ ಆ ಶಾಲೆಗೆ ಕಳುಹಿಸುತ್ತಿರಬೇಕು.